ಐನೂರು ರೂಪಾಯಿ ಡಾಂಗಲ್‌ಗಾಗಿ ಒಂದು ಕರ್ನಲ್

ಈ ಎಪಿಸೋಡ್ ಕೇಳ್ತಿರೋದು ಆಂಡ್ರಾಯ್ಡ್ ಫೋನಲ್ಲಾದ್ರೆ ಒಂದು ನಿಮಿಷ ಪಾಸ್ ಮಾಡಿ ಸೆಟ್ಟಿಂಗ್ಸ್‌ಗೆ ಹೋಗಿ. ಅಬೌಟ್ ಫೋನ್ ಒಳಗೆ ಹುಡುಕಿದ್ರೆ ಕರ್ನಲ್ ವರ್ಷನ್ ಅಂತ ಒಂದು ಸಾಲು ಸಿಗುತ್ತೆ. 5.10, 5.15, 6.1, ಹೀಗೆ ಏನೋ ಒಂದು ನಂಬರು. ಅದು ಲಿನಕ್ಸ್ ಕರ್ನಲ್‌ನ ನಂಬರು. ಲಿನಕ್ಸ್ ಅಂದ್ರೆ ಕಪ್ಪು ಸ್ಕ್ರೀನ್ ಮುಂದೆ ಕೂರೋ ಎಂಜಿನಿಯರ್‌ಗಳ ವಿಷಯ ಅಂದ್ಕೊಂಡಿದ್ರೆ, ಅದು ನಿಮ್ಮ ಜೇಬಲ್ಲೇ ಇದೆ.

ಕರ್ನಲ್ ಅಂದ್ರೆ ಆಪ್‌ಗಳಿಗೂ ಯಂತ್ರಕ್ಕೂ ಮಧ್ಯೆ ಕೂತಿರೋ ಪ್ರೋಗ್ರಾಮ್. ಕೀಬೋರ್ಡ್, ಸ್ಕ್ರೀನ್, ವೈಫೈ, ಮೆಮೊರಿ ಎಲ್ಲಾ ಅದರ ಕೈಯಲ್ಲಿ. ಮನುಷ್ಯರು ಓದಬಹುದಾದ ಕೋಡನ್ನ ಯಂತ್ರ ಓಡಿಸೋ ರೂಪಕ್ಕೆ ತಿರುಗಿಸೋದು ಕಂಪೈಲ್ ಮಾಡೋದು. ಇವತ್ತು ಮಾತಾಡೋದು ಇದನ್ನ ಮೊದಲ ಸಲ ಮನೇಲೇ ಮಾಡೋದರ ಬಗ್ಗೆ. ನಾನು ಬಿ.ಕಾಂ. ಜರ್ನಲ್ ಎಂಟ್ರಿ ಗೊತ್ತು, ಸಿ ಲ್ಯಾಂಗ್ವೇಜ್ ಬರಲ್ಲ. ಆದ್ರೂ ಇದನ್ನ ಮಾಡಬಹುದು. ಯಾಕಂದ್ರೆ ಇಲ್ಲಿ ಕೋಡ್ ಬರೆಯೋದು ಏನೂ ಇಲ್ಲ, ಏನು ಬೇಕು ಏನು ಬೇಡ ಅಂತ ಆರಿಸೋದೇ ಕೆಲಸ.

ಮೊದಲು, ಯಾಕೆ ಮಾಡಬೇಕಾಯ್ತು ಅಂತ ಹೇಳ್ತೀನಿ. ಚಿಕ್ಕಮ್ಮನ ಮಗಳು ತಿಪಟೂರಲ್ಲಿ ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದಾಳೆ. ಹಳೇ ಲ್ಯಾಪ್‌ಟಾಪು, 4 ಜಿಬಿ ರ‍್ಯಾಮ್, ಅದರಲ್ಲಿ ಡೆಬಿಯನ್ ಮೂಲದ ಒಂದು ಲಿನಕ್ಸ್. ಒಳಗಿನ ವೈಫೈ ಕಾರ್ಡ್ ಸತ್ತುಹೋಯ್ತು. ರೂಟರ್ ಕೆಳಗಡೆ ಹಜಾರದಲ್ಲಿ, ಅವಳು ಓದೋದು ಮಹಡಿ ಮೇಲೆ. ಫೋನ್ ಕೇಬಲ್‌ನಿಂದ ನೆಟ್ ತಗೊಂಡ್ರೆ ಅವಳ ಫೋನಿನ ಚಾರ್ಜಿಂಗ್ ಪೋರ್ಟ್ ಲೂಸು. ಕೇಬಲ್ ಸ್ವಲ್ಪ ಅಲುಗಿದ್ರೂ ನೆಟ್ ಕಟ್. ಮಾಕ್ ಟೆಸ್ಟ್ ಮಧ್ಯೆ ಹೀಗಾದ್ರೆ ಟೈಮರ್ ಓಡ್ತಾನೇ ಇರುತ್ತೆ. ಪ್ರಿಲಿಮ್ಸ್‌ಗೆ ಮೂರು ವಾರ ಬಾಕಿ. ಹೊಸ ಲ್ಯಾಪ್‌ಟಾಪ್ ಅಂದ್ರೆ ಮೂವತ್ತು ಸಾವಿರದ ಮೇಲಿನ ಮಾತು, ಚಿಕ್ಕಪ್ಪ ಆಗಷ್ಟೇ ಬೋರ್‌ವೆಲ್‌ಗೆ ಸಾಲ ಮಾಡಿದ್ರು. ಐನೂರು ರೂಪಾಯಿಗೆ ಒಂದು ಯುಎಸ್‌ಬಿ ವೈಫೈ ಡಾಂಗಲ್ ತರಿಸಿದ್ಲು. ಸಿಕ್ಕಿಸಿದ್ರೆ ವೈಫೈ ಬರಲಿಲ್ಲ. "ಅಣ್ಣಾ, ದುಡ್ಡು ದಂಡ ಆಯ್ತಾ?" ಅಂತ ಫೋನ್ ಮಾಡಿದ್ಲು.

ದಂಡ ಆಗಿರಲಿಲ್ಲ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಅಂತ ಕಮಾಂಡ್ ಕೊಟ್ರೆ, ಸಿಕ್ಕಿಸಿರೋ ಯುಎಸ್‌ಬಿ ವಸ್ತುಗಳ ಗುರುತು ಸಂಖ್ಯೆ ಕಾಣುತ್ತೆ. ಅದರಿಂದ ಹುಡುಕಿದ್ರೆ ಒಳಗಿರೋ ಚಿಪ್ ರಿಯಲ್‌ಟೆಕ್ 8821ಸಿಯು. ಇದರ ಯುಎಸ್‌ಬಿ ಡ್ರೈವರ್ ಲಿನಕ್ಸ್ ಕರ್ನಲ್ ಒಳಗೆ ಸೇರಿದ್ದು 6.2ರಲ್ಲಿ, ಅಂದ್ರೆ ಫೆಬ್ರವರಿ 2023ರಲ್ಲಿ. ಅವಳ ಲ್ಯಾಪ್‌ಟಾಪಲ್ಲಿದ್ದ ಕರ್ನಲ್ 6.1, ಅದು ಡಿಸೆಂಬರ್ 2022ರದ್ದು. ಬರೀ ಎರಡು ತಿಂಗಳ ಅಂತರ! ಸ್ಟೇಬಲ್ ಲಿನಕ್ಸ್‌ಗಳು ಒಂದು ಕರ್ನಲ್ ನಂಬರನ್ನ ವರ್ಷಗಟ್ಟಲೆ ಇಟ್ಟುಕೊಳ್ತವೆ, ಸೆಕ್ಯೂರಿಟಿ ರಿಪೇರಿ ಮಾತ್ರ ಬರ್ತಾ ಇರುತ್ತೆ. ಅದು ಒಳ್ಳೇದೇ. ಆದ್ರೆ ಇಂಥ ಟೈಮಲ್ಲಿ ಕಾಡುತ್ತೆ.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಆಮೇಲೆ ಕಾಮೆಂಟಲ್ಲಿ ಬೈಬೇಡಿ. ರೆಡಿ ಇರೋ ಹೊಸ ಕರ್ನಲ್ ಬ್ಯಾಕ್‌ಪೋರ್ಟ್ಸ್‌ನಲ್ಲಿ ಸಿಗುತ್ತೆ, ಅದು ಹತ್ತು ನಿಮಿಷದ ಕೆಲಸ. ಬರೀ ವೈಫೈ ಬೇಕಾಗಿದ್ರೆ ಅದೇ ಸಾಕು. ನನಗೆ ಒಳಗೆ ಏನಾಗುತ್ತೆ ಅಂತ ನೋಡಬೇಕಿತ್ತು, ಅದಕ್ಕೆ ಉದ್ದದ ದಾರಿ ಹಿಡಿದೆ. ಹಾಗೇನೇ, ಸ್ವಂತ ಕರ್ನಲ್ ಹಾಕಿದ್ರೆ ಕಂಪ್ಯೂಟರ್ ರಾಕೆಟ್ ಥರ ಓಡುತ್ತೆ ಅನ್ನೋ ವಿಡಿಯೊಗಳನ್ನ ನಂಬಬೇಡಿ. ಸ್ಪೀಡಲ್ಲಿ ಕಣ್ಣಿಗೆ ಕಾಣೋ ವ್ಯತ್ಯಾಸ ಸಾಮಾನ್ಯವಾಗಿ ಇರಲ್ಲ.

ಶುರು ಮಾಡೋಣ. ಸೋರ್ಸ್ ಕೋಡ್ ಕರ್ನಲ್ ಡಾಟ್ ಆರ್ಗ್‌ನಲ್ಲಿ ಉಚಿತ. ಲಾಂಗ್‌ಟರ್ಮ್ ಅಂತ ಗುರುತು ಇರೋದನ್ನ ತಗೊಳ್ಳಿ, ನಾನು ತಗೊಂಡಿದ್ದು 6.12. ಡೌನ್‌ಲೋಡ್ 150 ಎಂಬಿಯೊಳಗೇ ಇದೆ, ಬಿಚ್ಚಿದ್ರೆ ಒಂದು ಜಿಬಿ ದಾಟುತ್ತೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬಿಟ್ಟ ಮೊದಲ ಆವೃತ್ತಿ ಹತ್ತು ಸಾವಿರ ಸಾಲಿನ ಹತ್ತಿರ ಇತ್ತು. ಈಗ ನಾಲ್ಕು ಕೋಟಿ ಸಾಲಿನ ಆಸುಪಾಸು. ಗಾಬರಿ ಬೇಡ, ಅದರಲ್ಲಿ ದೊಡ್ಡ ಪಾಲು ಡ್ರೈವರ್‌ಗಳದ್ದು, ನಿಮ್ಮ ಹತ್ರ ಇಲ್ಲದೇ ಇರೋ ಸಾವಿರಾರು ಯಂತ್ರಗಳದ್ದು. ಜೊತೆಗೆ ಬಿಲ್ಡ್ ಎಸೆನ್ಶಿಯಲ್, ಬೈಸನ್, ಫ್ಲೆಕ್ಸ್, ಡೆಬ್‌ಹೆಲ್ಪರ್ ಮತ್ತೆ ಎನ್‌ಕರ್ಸಸ್, ಎಸ್‌ಎಸ್‌ಎಲ್, ಎಲ್ಫ್ ಇವುಗಳ ಡೆವ್ ಪ್ಯಾಕೇಜ್‌ಗಳು ಬೇಕು. ಏನಾದ್ರೂ ಬಾಕಿ ಇದ್ರೆ ಅದರ ಹೆಸರು ಹೇಳಿ ಕೆಲಸ ನಿಲ್ಲುತ್ತೆ, ಆಗ ಹಾಕ್ಕೊಳ್ಳಬಹುದು.

ಈಗ ಬರುತ್ತೆ ಮುಖ್ಯ ಭಾಗ, ಕಾನ್ಫಿಗ್. ಕರ್ನಲ್‌ನಲ್ಲಿ ಏನೇನಿರಬೇಕು ಅನ್ನೋದರ ಪಟ್ಟಿ ಇದು. ಹೆಚ್ಚಿನ ಸಾಲುಗಳಿಗೆ ಮೂರರಲ್ಲಿ ಒಂದು ಉತ್ತರ. ವೈ ಅಂದ್ರೆ ಕರ್ನಲ್ ಒಳಗೇ ಬೆಸೆದುಬಿಡು. ಎಮ್ ಅಂದ್ರೆ ಮಾಡ್ಯೂಲ್ ಆಗಿ ಪಕ್ಕದಲ್ಲಿಡು, ಬೇಕಾದಾಗ ತಗೋತೀನಿ. ಎನ್ ಅಂದ್ರೆ ಬೇಡ. ಕಂಪನಿಗಳು ಕೊಡೋ ಕರ್ನಲ್ ದೊಡ್ಡ ಪ್ರಾವಿಜನ್ ಸ್ಟೋರ್ ಇದ್ದ ಹಾಗೆ, ಯಾರು ಬಂದ್ರೂ ಇಲ್ಲ ಅನ್ನಬಾರದು. ನಮ್ಮದು ಮನೆ ಅಡುಗೆಮನೆ. ನಾವು ತಿನ್ನೋದು ಇದ್ರೆ ಸಾಕು.

ಸಾವಿರಾರು ಸಾಲಿಗೆ ಒಬ್ಬೊಬ್ಬರೇ ಉತ್ತರ ಕೊಡೋದು ಆಗದ ಮಾತು. ಅದಕ್ಕೆ ಮೊದಲು, ಈಗ ಓಡ್ತಿರೋ ಕರ್ನಲ್‌ನ ಕಾನ್ಫಿಗ್ ಫೈಲನ್ನ ಬೂಟ್ ಫೋಲ್ಡರಿಂದ ನಕಲು ಮಾಡ್ಕೊಳ್ಳಿ. ಆಮೇಲೆ ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಅನ್ನೋ ಕಮಾಂಡ್. ಸ್ಟೀವನ್ ರೋಸ್ಟೆಟ್ ಅನ್ನೋ ಡೆವಲಪರ್ ಮಾಡಿದ್ದು ಇದು, 2009ರಿಂದ ಕರ್ನಲ್ ಜೊತೆಗೇ ಬರುತ್ತೆ. ಈ ಕ್ಷಣ ನಿಮ್ಮ ಕಂಪ್ಯೂಟರಲ್ಲಿ ಯಾವ ಮಾಡ್ಯೂಲ್‌ಗಳು ಲೋಡ್ ಆಗಿವೆಯೋ ಅವನ್ನ ಮಾತ್ರ ಇಟ್ಕೊಂಡು ಮಿಕ್ಕಿದ್ದನ್ನ ತೆಗೆದುಹಾಕುತ್ತೆ. ಮಧ್ಯೆ ಪ್ರಶ್ನೆ ಕೇಳಿದ್ರೆ ಎಂಟರ್ ಒತ್ತುತ್ತಾ ಹೋಗಿ.

'ಈ ಕ್ಷಣ' ಅನ್ನೋದನ್ನ ಗಮನಿಸಿ. ಪೆನ್‌ಡ್ರೈವ್ ಸಿಕ್ಕಿಸಿಲ್ಲ ಅಂದ್ರೆ ಅದರ ಡ್ರೈವರ್ ಲೋಡ್ ಆಗಿರಲ್ಲ, ಹೊಸ ಕರ್ನಲ್‌ನಲ್ಲಿ ಅದು ಇರೋದೇ ಇಲ್ಲ. ಅದಕ್ಕೆ ಕಮಾಂಡ್ ಕೊಡೋ ಮುಂಚೆ ಮನೇಲಿರೋ ಪೆನ್‌ಡ್ರೈವ್, ಪ್ರಿಂಟರ್, ಇಯರ್‌ಫೋನ್, ಮೌಸ್ ಎಲ್ಲಾ ಸಿಕ್ಕಿಸಿ. ವೆಬ್‌ಕ್ಯಾಮ್ ಒಂದ್ಸಲ ಆನ್ ಮಾಡಿ. ನಾನು ನನ್ನ ಫೋನಿಂದ ಯುಎಸ್‌ಬಿ ಟೆದರಿಂಗ್ ಕೂಡ ಆನ್ ಇಟ್ಟಿದ್ದೆ. ಆವತ್ತು ಆ ಲ್ಯಾಪ್‌ಟಾಪ್ ಸಂತೆ ಅಂಗಡಿ ಥರ ಕಾಣ್ತಿತ್ತು.

ಆದ್ರೆ ನಮ್ಮ ಡಾಂಗಲ್ ಕಥೆ ಬೇರೆ. ಅದರ ಡ್ರೈವರ್ ಹಳೇ ಕರ್ನಲ್‌ನಲ್ಲಿ ಇಲ್ಲವೇ ಇಲ್ಲ, ಲೋಡ್ ಆಗೋದು ಹೇಗೆ? ಅದನ್ನ ಕೈಯಾರೆ ಆನ್ ಮಾಡಬೇಕು. ಮೇಕ್ ಮೆನ್ಯುಕಾನ್ಫಿಗ್ ಕೊಟ್ರೆ ನೀಲಿ ಹಿನ್ನೆಲೆಯ ಮೆನು ಬರುತ್ತೆ. ಡಿವೈಸ್ ಡ್ರೈವರ್ಸ್, ನೆಟ್‌ವರ್ಕ್ ಡಿವೈಸ್ ಸಪೋರ್ಟ್, ವೈರ್‌ಲೆಸ್ ಲ್ಯಾನ್, ಅಲ್ಲಿ ರಿಯಲ್‌ಟೆಕ್. ಹೋಗಿ ನೋಡಿದ್ರೆ 8821ಸಿಯು ಕಾಣೋದೇ ಇಲ್ಲ! ಮೆನು ಸುಳ್ಳು ಹೇಳ್ತಿಲ್ಲ. ಸ್ಲ್ಯಾಶ್ ಕೀ ಒತ್ತಿ ಹೆಸರು ಹುಡುಕಿ, ಡಿಪೆಂಡ್ಸ್ ಆನ್ ಅನ್ನೋ ಸಾಲು ಸಿಗುತ್ತೆ. ಈ ಡ್ರೈವರ್ ಯಾವುದರ ಮೇಲೆ ನಿಂತಿದೆ, ಅದರಲ್ಲಿ ಯಾವುದು ಎನ್ ಆಗಿದೆ ಅಂತ ಅಲ್ಲೇ ಬರೆದಿರುತ್ತೆ. ಒಳಗಿನ ವೈಫೈ ಕಾರ್ಡ್ ಸತ್ತಿದ್ದರಿಂದ ವೈಫೈಗೆ ತಳಪಾಯವಾದ ಮ್ಯಾಕ್80211 ಕೂಡ ಲೋಡ್ ಆಗಿರಲಿಲ್ಲ, ಲೋಕಲ್‌ಮಾಡ್‌ಕಾನ್ಫಿಗ್ ಅದನ್ನೂ ಗುಡಿಸಿ ಹಾಕಿತ್ತು. ನೆಟ್‌ವರ್ಕಿಂಗ್ ಸಪೋರ್ಟ್ ಒಳಗಿನ ವೈರ್‌ಲೆಸ್‌ನಲ್ಲಿ ಅದಕ್ಕೆ ಎಮ್ ಕೊಟ್ಟು ವಾಪಸ್ ಬಂದ್ರೆ, ರಿಯಲ್‌ಟೆಕ್ ಒಳಗೆ ಹೊಸ ಸಾಲುಗಳು ಹಾಜರ್. 8821ಸಿಯುಗೂ ಎಮ್. ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟ ಜಾಗ ಇದೇ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ ಒಂದೊಂದೇ ಲೆಡ್ಜರ್ ಹಿಂದೆ ಹೋಗ್ತೀವಲ್ಲ, ಥೇಟ್ ಹಾಗೇ.

ಇನ್ನೆರಡು ಸೆಟ್ಟಿಂಗ್. ಕರ್ನಲ್ ಹ್ಯಾಕಿಂಗ್ ಮೆನುವಿನಲ್ಲಿ ಡೀಬಗ್ ಇನ್ಫರ್ಮೇಶನ್ ಆಫ್ ಮಾಡಿ, ಇಲ್ಲಾಂದ್ರೆ ಡಿಸ್ಕ್ ಜಾಗ ಎದ್ವಾತದ್ವಾ ತಿನ್ನುತ್ತೆ. ಸಿಸ್ಟಮ್ ಟ್ರಸ್ಟೆಡ್ ಕೀಸ್ ಅನ್ನೋ ಸಾಲಲ್ಲಿ ಯಾವುದೋ ಪೆಮ್ ಫೈಲಿನ ಹೆಸರಿದ್ರೆ ಖಾಲಿ ಮಾಡಿ. ಉಬುಂಟು ಆದ್ರೆ ರಿವೊಕೇಶನ್ ಕೀಸ್ ಸಾಲನ್ನೂ ಖಾಲಿ ಮಾಡಿ. ಆ ಫೈಲ್ ನಿಮ್ಮ ಹತ್ರ ಇರಲ್ಲ, ಅದಿಲ್ಲ ಅಂತ ಕಂಪೈಲ್ ನಿಂತುಬಿಡುತ್ತೆ. ಹೊಸಬರು ಬಿಟ್ಟು ಎದ್ದುಹೋಗೋದು ಹೆಚ್ಚಾಗಿ ಇಲ್ಲೇ.

ಆಮೇಲೆ ಮೇಕ್ ಜೆ4 ಬಿನ್‌ಡೆಬ್-ಪಿಕೆಜಿ. ಜೆ4 ಅಂದ್ರೆ ಒಟ್ಟಿಗೆ ನಾಲ್ಕು ಕೆಲಸ, ಅದರ ಹಿಂದೆ ಒಂದು ಅಡ್ಡಗೆರೆ ಬರುತ್ತೆ. ಕೊನೆಗೆ ಡೆಬ್ ಫೈಲ್‌ಗಳು ಸಿಗುತ್ತವೆ, ಬೇರೆ ಸಾಫ್ಟ್‌ವೇರ್ ಥರಾನೇ ಇನ್‌ಸ್ಟಾಲ್ ಮಾಡಬಹುದು, ಬೇಡ ಅಂದ್ರೆ ತೆಗೀಬಹುದು. ಆ ಹಳೇ ಐ3 ಲ್ಯಾಪ್‌ಟಾಪಲ್ಲಿ ಇದಕ್ಕೆ ಒಂದು ಗಂಟೆ ದಾಟಿತು. ಫ್ಯಾನ್ ರೈಸ್‌ಮಿಲ್ ಥರ ಕೂಗ್ತಿತ್ತು, ಚಿಕ್ಕಮ್ಮ ಎರಡು ಸಲ ಬಂದು "ಸುಟ್ಟುಹೋಗಲ್ವೇನೋ?" ಅಂತ ಕೇಳಿ ಹೋದ್ರು. ಅರ್ಧದಲ್ಲಿ ಕರೆಂಟೂ ಹೋಯ್ತು, ಬ್ಯಾಟರಿ ಮೊದಲೇ ಕೆಟ್ಟಿತ್ತು. ಪರವಾಗಿಲ್ಲ, ಅದೇ ಕಮಾಂಡ್ ಮತ್ತೆ ಕೊಟ್ರೆ ಆಗಿರೋದನ್ನ ಬಿಟ್ಟು ಬಾಕಿ ಇರೋದರಿಂದ ಮುಂದುವರಿಯುತ್ತೆ.

ಇನ್‌ಸ್ಟಾಲ್ ಮಾಡಿದ ಮೇಲೂ ಹಳೇ ಕರ್ನಲ್ ತೆಗೀಬೇಡಿ. ಬೂಟ್ ಆಗೋವಾಗ ಗ್ರಬ್ ಮೆನುವಿನಲ್ಲಿ ಎರಡೂ ಇರುತ್ತವೆ, ಹೊಸದು ಏಳದಿದ್ರೆ ಹಳೇದಕ್ಕೆ ವಾಪಸ್. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ರೆ, ಸಹಿ ಇಲ್ಲದ ನಿಮ್ಮ ಕರ್ನಲ್ಲನ್ನ ಅದು ಒಳಗೆ ಬಿಡಲ್ಲ. ಅದನ್ನ ಆಫ್ ಮಾಡೋ ಮುಂಚೆ ಅದೇ ಯಂತ್ರದಲ್ಲಿ ವಿಂಡೋಸ್ ಇದ್ರೆ ಬಿಟ್‌ಲಾಕರ್ ಕೀ ಬರೆದಿಟ್ಕೊಳ್ಳಿ, ಕೇಳಿದ್ರೂ ಕೇಳಬಹುದು. ತಿಪಟೂರಿನ ಲ್ಯಾಪ್‌ಟಾಪಲ್ಲಿ ಅದ್ಯಾವುದೂ ಇರಲಿಲ್ಲ. ರೀಸ್ಟಾರ್ಟ್ ಮಾಡಿ ಡಾಂಗಲ್ ಸಿಕ್ಕಿಸಿದ್ವಿ, ನೀಲಿ ಲೈಟ್ ಬಂತು, ಪಟ್ಟಿಯಲ್ಲಿ ಪಕ್ಕದ ಮನೆ ವೈಫೈ ಕೂಡ ಕಾಣಿಸ್ತು. ಅವಳು ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಸೀದಾ ಹೋಗಿ ಮಾಕ್ ಟೆಸ್ಟ್ ಶುರು ಮಾಡಿದ್ಲು.

ಒಂದು ಹೊರೆ ಮಾತ್ರ ಉಳಿಯುತ್ತೆ. ನೀವೇ ಮಾಡಿದ ಕರ್ನಲ್‌ಗೆ ಸೆಕ್ಯೂರಿಟಿ ಅಪ್‌ಡೇಟ್ ತಾನಾಗಿ ಬರಲ್ಲ. 6.12ರಲ್ಲಿ ಕೊನೆಯ ಅಂಕಿ ಬದಲಾದ ಹೊಸ ಆವೃತ್ತಿಗಳು ಆಗಾಗ ಬರ್ತಾನೇ ಇರುತ್ತವೆ, ಪ್ರತಿ ಸಲ ನೀವೇ ಇಳಿಸಿ ಮತ್ತೆ ಕಂಪೈಲ್ ಮಾಡಬೇಕು. ಬ್ಯಾಂಕ್ ಪಾಸ್‌ವರ್ಡ್ ಹಾಕೋ ಯಂತ್ರದಲ್ಲಿ ಇದನ್ನ ಮರೆತು ಕೂರೋ ಹಾಗಿಲ್ಲ. ಅದಕ್ಕೆ ಅವಳ ಪರೀಕ್ಷೆ ಮುಗಿದ ವಾರವೇ ಇಡೀ ಸಿಸ್ಟಮ್ಮನ್ನ ಹೊಸ ಆವೃತ್ತಿಗೆ ಏರಿಸಿ, ಆ ಡ್ರೈವರ್ ಇರೋ ಕಂಪನಿ ಕರ್ನಲ್ ಹಾಕಿ, ನಾನು ಮಾಡಿದ್ದನ್ನ ಅನ್‌ಇನ್‌ಸ್ಟಾಲ್ ಮಾಡಿದೆ. ಆ ಕಾನ್ಫಿಗ್ ಫೈಲ್ ಮಾತ್ರ ನನ್ನ ಪೆನ್‌ಡ್ರೈವಲ್ಲಿದೆ. ಮನೇಲಿ ಇನ್ನೊಂದು ಹಳೇ ಯಂತ್ರ ಬಿದ್ದಿದೆ, ಈ ಭಾನುವಾರ ಅದರ ಸರದಿ. ಮುಂದಿನ ವಾರ ಸಿಗೋಣ.