ಲಿಂಗ ಕಟ್ಟಿದ ಮೈಗೆ ಬರೆ ಯಾಕೆ?

(ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಮಾಸಿಕ ಶಿವಾನುಭವದ ದಿನ ಆಶಾ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹರೂಪ)

ಕೂಸು ಎತ್ತಿಕೊಂಡು ಹಿಂದೆ ಬಾಗಿಲ ಹತ್ತಿರ ಕುಳಿತ ತಾಯಂದಿರೇ, ಕೂಸು ಅತ್ತರೆ ಎದ್ದು ಹೊರಗೆ ಹೋಗಬೇಡಿ. ಇವತ್ತಿನ ಮಾತೇ ಅಳುವ ಕೂಸಿನದು.

ಪೂಜ್ಯರು ನನಗೆ ಮಾತಾಡಲು ಹೇಳಿದಾಗ ಹೆದರಿಕೆ ಆಯಿತು. ನನಗೆ ಶಾಸ್ತ್ರ ಗೊತ್ತಿಲ್ಲ, ಬಾಣಂತಿಯರ ಮನೆ ಗೊತ್ತು. ಹೆರಿಗೆಯಾದ ಮೂರನೇ ದಿನದಿಂದ ನಲವತ್ತೆರಡನೇ ದಿನದೊಳಗೆ ಆರು ಸಲ ಆ ಮನೆಗೆ ಹೋಗುವುದು ನಮ್ಮ ಕೆಲಸ. ಹೋದಾಗ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ. ಅದರಲ್ಲಿ ಜನನ ಸೂತಕವೂ ಒಂದು. ಹುಟ್ಟಿದ ಕೂಸು ಮೈಲಿಗೆಯಲ್ಲ ಎಂದೇ ನಾವು ಅದಕ್ಕೆ ಲಿಂಗ ಕಟ್ಟುತ್ತೇವೆ. ವೇದಿಕೆ ಮೇಲೆ ಇದನ್ನು ಎಷ್ಟು ಚಂದ ಹೇಳುತ್ತೇವೆ! ಆದರೆ ಮನೆಗೆ ಹೋಗಿ ನೋಡಿದರೆ ಬಾಣಂತಿ ಕತ್ತಲೆ ಕೋಣೆಯಲ್ಲಿ, ಕಿಟಕಿಗೆ ಗೋಣಿಚೀಲ, ಮಂಚದ ಕೆಳಗೆ ಕೆಂಡದ ಬುಟ್ಟಿ. ಆ ಹೊಗೆಯಲ್ಲಿ ದೊಡ್ಡವರಾದ ನಮಗೇ ಕಣ್ಣುರಿ ಬರುತ್ತದೆ. ಹತ್ತು ದಿನದ ಕೂಸು ಸೀನಿದರೆ, ಕೆಮ್ಮಿದರೆ 'ಗಾಳಿ ಸೋಕ್ಯಾದ' ಅನ್ನುತ್ತೇವೆ. ಸೋಕಿದ್ದು ಗಾಳಿಯಲ್ಲ, ಹೊಗೆ. ಕೂಸಿಗೆ ಬೆಚ್ಚಗೆ ಬೇಕು, ನಿಜ. ತಾಯಿಯ ಎದೆಗೆ ಬರಿಮೈ ತಾಗಿಸಿ ಮೇಲೊಂದು ದುಪಟಿ ಹೊದಿಸಿದರೆ ಅದಕ್ಕಿಂತ ಬೆಚ್ಚಗಿನ ಜಾಗ ಇನ್ನೊಂದಿಲ್ಲ.

ಈಗ ನನ್ನ ಮನೆಯ ಮಾತು. ನಾನು ಆಶಾ ಆಗುವ ಮೊದಲಿನದು. ನನ್ನ ಮಗಳು ಐದು ವಾರದವಳಿದ್ದಾಗ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳು ಶುರು. ಮುಖ ಕೆಂಪಗೆ, ಕಾಲು ಹೊಟ್ಟೆಗೆ ಮಡಚಿಕೊಂಡು ಎರಡು ತಾಸು, ಮೂರು ತಾಸು. ಅತ್ತಿ ಹೇಳಿದರು, 'ಹೊಟ್ಟ್ಯಾಗ ನರ ಎದ್ದಾವ, ಚುಟಿಕಿ ಹಾಕಸ್ಬೇಕು.' ಕೂಸನ್ನು ನಾನೇ ಹಿಡಿದುಕೊಂಡೆ. ಸೂಜಿ ಕಾಸಿ ಹೊಕ್ಕುಳ ಸುತ್ತ ಐದು ಕಡೆ ಇಟ್ಟರು. ಆ ಚೀರಾಟ ನನ್ನ ಕಿವಿಯಲ್ಲಿ ಇನ್ನೂ ಇದೆ. ಮೂರನೇ ದಿನಕ್ಕೆ ಎರಡು ಗಾಯ ಕೀವಾದವು, ಜ್ವರ ಬಂತು, ಹಾಲು ಬಿಟ್ಟಳು. ಕಲಬುರಗಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆವು. ಉಳಿದಳು. ಅತ್ತಿಯವರನ್ನು ನಾನು ದೂರುವುದಿಲ್ಲ, ಮೊಮ್ಮಗಳ ಮೇಲಿನ ಜೀವಕ್ಕೇ ಮಾಡಿಸಿದರು. ಹಿಡಿದ ಕೈ ನನ್ನದು.

ಆಮೇಲೆ ತರಬೇತಿಯಲ್ಲಿ ಕಲಿತೆ. ಆ ಸಂಜೆಯ ಅಳು ರೋಗವೇ ಅಲ್ಲ. ಚಂದಾಗಿ ಹಾಲು ಕುಡಿಯುವ, ತೂಕ ಏರುವ ಕೂಸುಗಳಲ್ಲೂ ಎರಡು ಮೂರು ವಾರಕ್ಕೆ ಶುರುವಾಗಿ, ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನೇ ನಿಲ್ಲುತ್ತದೆ. ಚುಟಿಕೆ ಹಾಕಿಸಿದವರು 'ನಮ್ಮ ಕೂಸಿಗೆ ಗುಣ ಆಯ್ತು' ಎನ್ನುವುದು ಇದಕ್ಕೇ. ಹಾಕಿಸದಿದ್ದರೂ ನಿಲ್ಲುತ್ತಿತ್ತು. ಹಾಗಾದರೆ ಅಲ್ಲಿಯವರೆಗೆ ಏನು ಮಾಡಬೇಕು? ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ. ಅಂಗಾತ ಮಲಗಿಸಿ ಎರಡೂ ಕಾಲು ಸೈಕಲ್ ತುಳಿದಂತೆ ಮೆಲ್ಲಗೆ ಆಡಿಸಿ. ಮುಂಗೈ ಮೇಲೆ ಬೋರಲು ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಿ. ಜೋಗುಳ ಹಾಡಿ, ರಾಗ ತಪ್ಪಿದರೂ ಕೂಸು ಏನೂ ಅನ್ನುವುದಿಲ್ಲ. ತಾಯಿಗೆ ಸಾಕಾದರೆ ಅಪ್ಪ ಎತ್ತಿಕೊಳ್ಳಲಿ. ಕಾಯಕದಲ್ಲಿ ಗಂಡು ಹೆಣ್ಣು ಎಂಬ ಭೇದ ಇಲ್ಲ ಅಂದಮೇಲೆ ಇದೂ ಕಾಯಕವೇ ಅಲ್ಲವೇ, ಅಣ್ಣಂದಿರೇ?

ಘುಟ್ಟಿಯ ಮಾತು ಕೇಳುತ್ತೀರಿ. ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದು ನಮ್ಮಲ್ಲಿ ಹಳೆಯ ರೂಢಿ. ಜಾಯಿಕಾಯಿ ತುಸು ಹೆಚ್ಚಾದರೆ ಕೂಸಿಗೆ ಮಂಪರು ಹಿಡಿಯುತ್ತದೆ. ನಾವು ನಿದ್ದೆ ಬಂತೆಂದು ತಿಳಿಯುತ್ತೇವೆ. ಆರು ತಿಂಗಳು ಎದೆಹಾಲು ಒಂದೇ ಸಾಕು. ನಮ್ಮ ಭಾಗದ ಮೇ ತಿಂಗಳ ಬಿಸಿಲಲ್ಲೂ ಅದಕ್ಕೆ ನೀರು ಬೇಡ, ಪದೇ ಪದೇ ಹಾಲು ಕೊಡಿ. ಜೇನುತುಪ್ಪ ವರ್ಷ ತುಂಬುವವರೆಗೆ ಕೊಡಬೇಡಿ. ಮೂಗು ಕಟ್ಟಿದರೆ ಎಣ್ಣೆ ಬಿಡಬೇಡಿ, ಅದು ಪುಪ್ಪುಸಕ್ಕೆ ಇಳಿಯುತ್ತದೆ. ಔಷಧ ಅಂಗಡಿಯಲ್ಲಿ ಉಪ್ಪುನೀರಿನ ಹನಿ ಸಿಗುತ್ತದೆ, ಹಾಲು ಕುಡಿಸುವ ಮೊದಲು ಅದನ್ನು ಬಿಟ್ಟರೆ ಸಾಕು.

ಹೊಕ್ಕುಳಿಗೆ ಏನೂ ಹಚ್ಚಬೇಡಿ. ಬೂದಿ, ಅರಿಶಿಣ, ಎಣ್ಣೆ ಯಾವುದೂ ಬೇಡ. ಒಬ್ಬ ತಾಯಿ ವಿಭೂತಿ ಹಚ್ಚಿದ್ದಳು. 'ವಿಭೂತಿ ಹಣಿಗೆ ಇರ್ಲಿ ತಂಗಿ, ಹೊಕ್ಕಳ ಒಣಗ್ಲಿ' ಅಂದೆ. ಹಿಂದೆ ಹಸಿ ಹೊಕ್ಕುಳಿನಿಂದ ಧನುರ್ವಾಯು ತಗುಲಿ ಎಷ್ಟೋ ಕೂಸುಗಳು ಹೋದವು. ಬಸುರಿಯರಿಗೆ ಚುಚ್ಚುಮದ್ದು, ಆಸ್ಪತ್ರೆ ಹೆರಿಗೆ, ಶುಚಿತನ ಇವುಗಳಿಂದ ಅದು ಎಷ್ಟು ತಗ್ಗಿತೆಂದರೆ, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ನಮ್ಮ ದೇಶದಲ್ಲಿ ಅದು ನಿವಾರಣೆಯಾಯಿತೆಂದು ಒಪ್ಪಿಕೊಂಡಿತು.

ಭೇದಿಯಾದಾಗ ಹಾಲು ನಿಲ್ಲಿಸುವುದು ಇನ್ನೊಂದು ದೊಡ್ಡ ತಪ್ಪು. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಸಲೈನ್ ಬಾಟಲಿ ಸಾಲದೆ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ನಮ್ಮ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದಿನ ಕಥೆ ಅದು. ಕಾಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಪೊಟ್ಟಣ. ಅರ್ಧ ಮಾಡಬೇಡಿ. ಚಮಚದಿಂದ ಸ್ವಲ್ಪ ಸ್ವಲ್ಪ ಕುಡಿಸಿ, ಮರುದಿನಕ್ಕೆ ಉಳಿದರೆ ಚೆಲ್ಲಿ. ಜೊತೆಗೆ ಸತುವಿನ ಗುಳಿಗೆ ಹದಿನಾಲ್ಕು ದಿನ. ಎಷ್ಟು ಎಂಬುದನ್ನು ನಾವು ವಯಸ್ಸು ನೋಡಿ ಹೇಳುತ್ತೇವೆ. ಎರಡು ತಿಂಗಳ ಒಳಗಿನ ಕೂಸಾದರೆ ಮನೆಯಲ್ಲಿ ಕಾಯದೆ ಡಾಕ್ಟರಿಗೆ ತೋರಿಸಿ.

ಮನೆಮದ್ದಿಗೂ ಒಂದು ಗಡಿ ಇದೆ. ಮೂರು ತಿಂಗಳ ಒಳಗಿನ ಕೂಸಿನ ಮೈ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎನ್ನಬೇಡಿ. ಹಾಲು ಎಳೆಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಹಸಿರು ವಾಂತಿಯಾದರೆ, ಅಂಗಾಲು ಅರಿಶಿಣ ಬಣ್ಣಕ್ಕೆ ತಿರುಗಿದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ 108ಕ್ಕೆ ಫೋನ್ ಮಾಡಿ. ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಉಚಿತ, ಹೋಗಿಬರುವ ಗಾಡಿಯೂ ಉಚಿತ. ಪಕ್ಕೆ ಸೆಳೆಯುವ ಕೂಸಿಗೇ ನಮ್ಮಲ್ಲಿ ಹೆಚ್ಚು ಚುಟಿಕೆ ಹಾಕಿಸುತ್ತಾರೆ. ಅದು ನ್ಯುಮೋನಿಯಾ. ಬರೆ ಇಡಲು ಕಳೆದ ಒಂದು ದಿನವೇ ಜೀವ ಉಳಿಸುವ ದಿನವಾಗಿರುತ್ತದೆ.

2019ರ ಡಿಸೆಂಬರ್ 26ರ ಗ್ರಹಣದ ದಿನ ನಮ್ಮ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ಗುಣವಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಆ ತಂದೆತಾಯಿಗಳು ಕಟುಕರೇನಲ್ಲ. ನನ್ನ ಹಾಗೆ, ನಮ್ಮ ಅತ್ತಿಯವರ ಹಾಗೆ, ಹೇಳುವವರು ಸಿಗದೆ ಹೋದವರು. ಕೂಸಿನ ಎದೆ ಮೇಲೆ ಲಿಂಗ ಕಟ್ಟಿ, ಅದರ ಕೆಳಗಿನ ಹೊಟ್ಟೆಗೆ ಸುಡುವ ಸೂಜಿ ಇಡುವಾಗ ತಡೆಯುವವರು ಮಠದಲ್ಲಲ್ಲದೆ ಮತ್ತೆಲ್ಲಿ ಸಿಗಬೇಕು? ಅದಕ್ಕೇ ಪೂಜ್ಯರಲ್ಲಿ ಒಂದು ಬೇಡಿಕೆ. ಲಿಂಗಧಾರಣೆಗೆ ಕೂಸು ತಂದವರಿಗೆ ಆಶೀರ್ವಾದದ ಜೊತೆ ಚುಟಿಕೆ ಹಾಕಿಸುವುದಿಲ್ಲವೆಂಬ ಮಾತನ್ನೂ ತೆಗೆದುಕೊಳ್ಳಬೇಕು. ನಾವು ನೂರು ಸಲ ಹೇಳುವುದೂ ತಾವು ಒಮ್ಮೆ ಹೇಳುವುದೂ ಒಂದೇ.

ನನ್ನ ಮಗಳಿಗೆ ಹೋದ ವರ್ಷ ಹೆರಿಗೆಯಾಯಿತು. ಆರನೇ ವಾರಕ್ಕೆ ಅದೇ ಸಂಜೆ, ಅದೇ ಅಳು. ಓಣಿಯವರು ಸೂಜಿಯ ಮಾತು ತೆಗೆದರು. ಅವಳು ಏನೂ ಅನ್ನಲಿಲ್ಲ, ಸೆರಗು ಸರಿಸಿ ತನ್ನ ಹೊಟ್ಟೆಯ ಐದು ಕಲೆ ತೋರಿಸಿದಳು. ಎಲ್ಲರೂ ಸುಮ್ಮನಾದರು. ನಾನೂ ಅವಳೂ ಸರತಿಯಲ್ಲಿ ಕೂಸು ಎತ್ತಿಕೊಂಡು ಎರಡು ತಿಂಗಳು ಅಂಗಳ ಸುತ್ತಿದೆವು.

ಈಗ ಹಿಂದೆ ಕುಳಿತ ತಾಯಂದಿರು ಮುಂದೆ ಬನ್ನಿ. ನಿದ್ದೆ ಮಾಡುವ ಕೂಸಿದ್ದರೆ ಅಂಗಿ ಎತ್ತಿ ಹೊಟ್ಟೆ ನೋಡಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸೋಣ. ಎರಡು ತಿಂಗಳ ಒಳಗಿದ್ದರೆ ಅರವತ್ತಕ್ಕೆ ಮುಟ್ಟಬಾರದು, ಎರಡರಿಂದ ಹನ್ನೆರಡು ತಿಂಗಳಾದರೆ ಐವತ್ತಕ್ಕೆ. ಅಜ್ಜಿಯರೂ ಬನ್ನಿ, ಮನೆಯಲ್ಲಿ ಎಣಿಸುವವರು ನೀವೇ.