ಹುಬ್ಬಳ್ಳಿಯ ಹೆಸರು ಹೊತ್ತ ನಟಿ
(ಪುಣೆಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಪಂಪ, ರನ್ನ, ಕುಮಾರವ್ಯಾಸರ ಸ್ಮರಣೆ ಮಾಡುವುದು ನಮ್ಮೆಲ್ಲರ ರೂಢಿ. ಅದು ಯುಕ್ತವೂ ಹೌದು. ಆದರೆ ಪುಣೆಯಲ್ಲಿ ಕುಳಿತು ಕನ್ನಡದ ಮಾತನ್ನಾಡುವಾಗ, ಈ ಊರಿಗೆ ಬಂದು, ಇಲ್ಲಿಯೇ ಕೀರ್ತಿ ಪಡೆದು, ಇಲ್ಲಿಯೇ ಕಣ್ಣು ಮುಚ್ಚಿದ ಒಬ್ಬ ಕನ್ನಡದ ಹೆಣ್ಣುಮಗಳನ್ನು ನೆನೆಯಬೇಕೆಂದು ನಮಗೆ ತೋರಿತು. ಆಕೆ ಚಿತ್ರನಟಿ ಶಾಂತಾ ಹುಬ್ಳೀಕರ.

ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ 1914ರಲ್ಲಿ ಆಕೆಯ ಜನನ. ಎಳವೆಯಲ್ಲಿಯೇ ತಾಯಿತಂದೆಗಳ ಆಸರೆ ತಪ್ಪಿತು. ಆ ಕಾಲದ ಹುಬ್ಬಳ್ಳಿ ಧಾರವಾಡದ ಸೀಮೆ ಹೇಗಿದ್ದಿತೆಂಬುದನ್ನು ತಾವು ಬಲ್ಲಿರಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಗವಾಯಿಗಳ ಬಾಯಲ್ಲಿ ಹಿಂದುಸ್ತಾನಿ. ಒಂದು ತಿಂಗಳು ಕನ್ನಡ ನಾಟಕ ಕಂಪನಿ ಬಂದರೆ ಮುಂದಿನ ತಿಂಗಳು ಮರಾಠಿ ಕಂಪನಿ. ಧಾರವಾಡ ಜಿಲ್ಲೆಯೂ ಪುಣೆಯೂ 1956ರವರೆಗೆ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ಓದಬೇಕೆಂದವರೂ ಪುಣೆಯ ರೈಲು ಹತ್ತುತ್ತಿದ್ದರು. ನಮ್ಮ ಬೇಂದ್ರೆಯವರು ಓದಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿಯೇ ಅಲ್ಲವೆ? ಅಂಥ ನೆಲದ ಹುಡುಗಿಗೆ ಎರಡು ಮೂರು ಭಾಷೆಗಳಲ್ಲಿ ಬಾಳುವುದು ವಿಶೇಷವೆನಿಸಲಿಲ್ಲ.

ಕೊಲ್ಲಾಪುರದಲ್ಲಿ 1929ರಲ್ಲಿ ಸ್ಥಾಪಿತವಾದ ಪ್ರಭಾತ ಫಿಲ್ಮ್ ಕಂಪನಿಯು 1933ರಲ್ಲಿ ಪುಣೆಗೆ ಬಂದಿತು. ಇಂದು ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವ ಲಾ ಕಾಲೇಜು ರಸ್ತೆಯ ಆವರಣವೇ ಆಗಿನ ಪ್ರಭಾತ ಸ್ಟುಡಿಯೋ. 1938ರ 'ಮಾಝಾ ಮುಲಗಾ' ಚಿತ್ರದಲ್ಲಿ ಕಾಣಿಸಿಕೊಂಡ ಶಾಂತಾಬಾಯಿಯವರು ಮರುವರ್ಷವೇ ವ್ಹಿ. ಶಾಂತಾರಾಮರ 'ಮಾಣೂಸ'ದ ನಾಯಿಕೆಯಾದರು. ಅದೇ ಕಥೆ ಹಿಂದಿಯಲ್ಲಿ 'ಆದಮಿ' ಎಂದು ಬಂದಿತು. ಎರಡರಲ್ಲಿಯೂ ನಾಯಿಕೆ ಆಕೆಯೇ. ಮರಾಠಿಯಲ್ಲಿ ಮೈನಾ, ಹಿಂದಿಯಲ್ಲಿ ಕೇಸರ್. ತಾಯಿನುಡಿಯಲ್ಲದ ಎರಡು ನುಡಿಗಳಲ್ಲಿ ಒಂದೇ ದುಃಖವನ್ನು ಎರಡು ಸಲ ಆಡಿ ತೋರಿಸುವುದೆಂದರೆ ಸಾಮಾನ್ಯ ಕೆಲಸವಲ್ಲ.

ಕಥೆ ದೊಡ್ಡದಲ್ಲ. ಜೂಜಿನ ಅಡ್ಡೆಯ ಮೇಲೆ ದಾಳಿಯಾದಾಗ ಗಣಪತ ಎಂಬ ಪೊಲೀಸ ಸಿಪಾಯಿಗೆ ವೇಶ್ಯೆಯಾದ ಮೈನಾ ಎದುರಾಗುತ್ತಾಳೆ. ಪರಿಚಯ ಪ್ರೀತಿಯಾಗುತ್ತದೆ. ಆತ ಅವಳನ್ನು ತನ್ನ ತಾಯಿಯ ಬಳಿಗೆ ಕರೆದೊಯ್ಯುತ್ತಾನೆ. ಆ ಮನೆಯ ಶುಚಿಯನ್ನು ಕಂಡು ತಾನು ಅದಕ್ಕೆ ಯೋಗ್ಯಳಲ್ಲವೆಂದು ಅವಳೇ ಹಿಂದೆ ಸರಿಯುತ್ತಾಳೆ. ದೇವದಾಸನಂತೆ ಪ್ರೇಮಕ್ಕಾಗಿ ಕುಡಿದು ಸಾಯುವುದಲ್ಲ, ನೊಂದರೂ ಬದುಕಬೇಕು ಎಂಬುದು ಶಾಂತಾರಾಮರ ಹೇಳಿಕೆಯಾಗಿದ್ದಿತು. ಆ ಹೇಳಿಕೆಗೆ ಜೀವ ತುಂಬಿದ್ದು ಶಾಂತಾ ಹುಬ್ಳೀಕರರ ಮುಖ. ನಾಯಕನಾಗಿದ್ದ ಶಾಹು ಮೋಡಕರ ಸರಳತೆಗೆ ಆಕೆಯ ಕೊಂಕುನಗೆ, ಅದರ ಹಿಂದಿನ ದಣಿವು ತಕ್ಕ ಜೋಡಿಯಾದವು. ಮಾಸ್ತರ ಕೃಷ್ಣರಾಯರ ಸಂಗೀತದಲ್ಲಿ ಆಕೆ ಹಾಡಿದ 'ಕಶಾಲಾ ಉದ್ಯಾಚೀ ಬಾತ' ಎಂಬ ಹಾಡು ಮನೆಮನೆಯ ಹಾಡಾಯಿತು. ನಾಳೆಯ ಮಾತೇತಕೆ ಎಂದು ಅದರ ಅರ್ಥ. ಬೇರೆ ಬೇರೆ ಪ್ರಾಂತಗಳ ಗಿರಾಕಿಗಳನ್ನು ಅವರವರ ಭಾಷೆಯಲ್ಲಿಯೇ ರಂಜಿಸುವಂತೆ ಆ ಹಾಡಿನಲ್ಲಿ ಹಲವು ಭಾಷೆಗಳ ನುಡಿಗಳನ್ನು ಕೂಡಿಸಿದ್ದರು.

ಕನ್ನಡಕ್ಕೂ ಆಕೆ ಬಂದರು. ಗುಬ್ಬಿ ವೀರಣ್ಣನವರು ತೆಗೆದ 'ಜೀವನ ನಾಟಕ' (1942) ಚಿತ್ರದಲ್ಲಿ ಕೆಂಪರಾಜ ಅರಸರೊಡನೆ ನಟಿಸಿದರು. ಆದರೂ ಮರಾಠಿಯಲ್ಲಿ ಹೆಸರಾದವರು ನಮ್ಮವರಾಗಿ ಉಳಿಯುವರೆ ಎಂದು ಕೆಲವರು ಕೇಳುತ್ತಾರೆ. ಆಕೆಯ ಹೆಸರನ್ನೇ ನೋಡಿರಿ. ಊರು ಕನ್ನಡದ್ದು, ಕೊನೆಯ 'ಕರ' ಮರಾಠಿಯದು. ಬೇಕಾಗಿದ್ದರೆ ಬೇರೊಂದು ಮೋಹಕ ಹೆಸರನ್ನು ಇಟ್ಟುಕೊಳ್ಳಬಹುದಿತ್ತು. ಚಿತ್ರರಂಗದಲ್ಲಿ ಅದೇನು ಅಪರೂಪವಲ್ಲ. ಆಕೆ ಹಾಗೆ ಮಾಡಲಿಲ್ಲ. ಪುಣೆ, ಮುಂಬಯಿಗಳ ಭಿತ್ತಿಪತ್ರಗಳ ಮೇಲೆ ಹುಬ್ಬಳ್ಳಿಯ ಹೆಸರು ದಪ್ಪಕ್ಷರಗಳಲ್ಲಿ ಮೆರೆಯಿತು. ಮಕ್ಕಳು ಬೀದಿಯಲ್ಲಿ ಮರಾಠಿಯನ್ನೇ ಆಡುತ್ತಾರೆಂದು ಕಳವಳಪಡುವ ತಾಯಿತಂದೆಗಳಿಗೆ ಇದನ್ನು ಹೇಳಬಯಸುತ್ತೇವೆ: ನೆರೆಯ ನುಡಿಯನ್ನು ಚೆನ್ನಾಗಿ ಕಲಿಯಲಿ, ತಮ್ಮ ಊರಿನ ಹೆಸರನ್ನು ಮಾತ್ರ ಮರೆಯದಿರಲಿ.

ಇನ್ನೊಂದು ಮಾತಿದೆ, ಅದು ಸುಖದ್ದಲ್ಲ. ಮದುವೆಯಾಗಿ ಸಂಸಾರ ಹೂಡಿದ ಮೇಲೆ ಚಿತ್ರಗಳು ಕಡಿಮೆಯಾದವು. ಪ್ರಭಾತದ ಬಾಗಿಲೂ ಮುಚ್ಚಿತು. ಇಳಿವಯಸ್ಸಿನಲ್ಲಿ ಈ ನಟೀಮಣಿ ಆಶ್ರಮದ ಆಸರೆಯಲ್ಲಿ ದಿನ ಕಳೆಯಬೇಕಾಯಿತು. 1990ರಲ್ಲಿ ಮರಾಠಿಯಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದಾಗ ಆ ಹಳೆಯ ಹಾಡಿನ ಹೆಸರನ್ನೇ ಅದಕ್ಕೂ ಇಟ್ಟರು. 1992ರಲ್ಲಿ ಪುಣೆಯಲ್ಲಿಯೇ ತೀರಿಕೊಂಡರು. ಇಪ್ಪತ್ತೈದರ ಹರೆಯದಲ್ಲಿ ಪಾತ್ರಕ್ಕಾಗಿ ಹಾಡಿದ ಮಾತನ್ನು ಎಪ್ಪತ್ತಾರರಲ್ಲಿ ತನ್ನ ಬಾಳಿನ ಮೇಲೆಯೇ ಬರೆದುಕೊಂಡರಲ್ಲ, ಆ ಎದೆಗಾರಿಕೆ ದೊಡ್ಡದು.

ಕಲಾವಿದರು ಏರುಗಾಲದಲ್ಲಿರುವಾಗ 'ಇವರು ನಮ್ಮವರು' ಎನ್ನಲು ಎಲ್ಲರೂ ಮುಂದೆ ಬರುತ್ತಾರೆ. ಇಳಿಗಾಲದಲ್ಲಿಯೂ ಹಾಗೆನ್ನುವುದು ಸಂಘಗಳ ಕೆಲಸ. ಸರಕಾರದ ಮಾಸಾಶನಕ್ಕೆ ಅರ್ಜಿ ಬರೆದುಕೊಡುವವರಿಲ್ಲದೆ ಕುಳಿತ ಒಬ್ಬ ಹಳೆಯ ನಟಿ, ಒಬ್ಬ ಹಾರ್ಮೋನಿಯಂ ವಾದಕ, ಒಬ್ಬ ಬಣ್ಣಗಾರ ಈ ಊರಿನ ಯಾವುದೋ ಓಣಿಯಲ್ಲಿರಬಹುದು. ಅಂಥವರನ್ನು ಹುಡುಕಿ ಅವರ ಮನೆಯ ಬಾಗಿಲಿಗೆ ಹೋಗಿ ಕನ್ನಡದಲ್ಲಿ ಎರಡು ಮಾತಾಡಿಸಿ, ಬೇಕಾದುದನ್ನು ಕೇಳಿ ಬರಲು ನಾಲ್ವರು ತರುಣರು ಮುಂದೆ ಬಂದರೆ ಸಾಕು. ಮುಂದಿನ ರಾಜ್ಯೋತ್ಸವಕ್ಕೆ ಅವರನ್ನು ಕರೆತಂದು ಈ ವೇದಿಕೆಯ ಮೊದಲ ಸಾಲಿನಲ್ಲಿ ಕೂಡಿಸೋಣ. ಹೆಸರು ಕೊಡಲಿಚ್ಛಿಸುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬೇಕೆಂದು ವಿನಂತಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.