ನಡುವಯಸ್ಸಿನ ಎಂಬಿಎ: ಮನೆಯವರೂ ಕೂಡಿ ಹಾಕಬೇಕಾದ ಲೆಕ್ಕ

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಪಠ್ಯ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಕೊಟ್ಟಿದ್ದೇವೆ.)



ಮೊನ್ನೆ ಡೊಂಬಿವಲಿ ಲೋಕಲ್‌ನಲ್ಲಿ ಬಾಗಲಕೋಟೆ ಕಡೆಯ ಮಿತ್ರರೊಬ್ಬರು ಸಿಕ್ಕಿದ್ದರು. ವಯಸ್ಸು 37. ಒಳ್ಳೆಯ ಕೆಲಸ, ಮನೆ, ಎರಡು ಮಕ್ಕಳು. "ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೋಗಿ ಎಂಬಿಎ ಮಾಡಲೇ?" ಎಂದು ಕೇಳಿದರು. ಠಾಣೆ ಬರುವುದರೊಳಗೆ ಉತ್ತರ ಹೇಳಿ ಮುಗಿಸಲಾಗಲಿಲ್ಲ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಾನೂ ಹೀಗೆಯೇ ಹೋದವನು. ಊರು ಧಾರವಾಡ. ಮುಂಬಯಿಯ ಕಾರ್ಖಾನೆಯೊಂದರಲ್ಲಿ 12 ವರ್ಷ ಇಂಜಿನಿಯರ್ ಆಗಿದ್ದೆ. ನನಗಿಂತ ಕಿರಿಯರು ಎಂಬಿಎ ಮಾಡಿಕೊಂಡು ಬಂದು ನನಗೇ ಮೇಲಧಿಕಾರಿಗಳಾದರು. ಆ ಸಂಕಟದಲ್ಲೇ ಅರ್ಜಿ ಹಾಕಿದೆ. ಧಾರವಾಡದ ಸೈಟು ಮಾರಿದೆ, ಬ್ಯಾಂಕಿನಿಂದ 15 ಲಕ್ಷ ಸಾಲ ಮಾಡಿದೆ. ಮಡದಿ, ಆರು ವರ್ಷದ ಮಗಳನ್ನು ಇಲ್ಲೇ ಬಿಟ್ಟು 2008ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಒಂದು ವರ್ಷದ ಕೋರ್ಸಿಗೆ ಸೇರಿದೆ.

ತರಗತಿ ಶುರುವಾಗಿ ಎರಡು ವಾರವಾಗಿರಬಹುದು. ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಯಿತು. ಲಂಡನ್ನಿನ ಅದರ ಕಚೇರಿಯಿಂದ ನೌಕರರು ರಟ್ಟಿನ ಪೆಟ್ಟಿಗೆ ಹೊತ್ತು ಹೊರಬರುವುದನ್ನು ಟಿವಿಯಲ್ಲಿ ಇಡೀ ತರಗತಿ ನಿಂತು ನೋಡಿತು. ನಾವು ಸೇರಬೇಕೆಂದಿದ್ದ ಕಂಪನಿಗಳು ಆ ವರ್ಷ ನೇಮಕಾತಿಯನ್ನೇ ನಿಲ್ಲಿಸಿದವು. ಓದಿದ ಮೇಲೆ ಎರಡು ವರ್ಷ ಇದ್ದು ದುಡಿಯುವ ವೀಸಾ ಆಗ ಇತ್ತು. ಆದರೆ ವೀಸಾ ಇದ್ದರೇನು, ಕೆಲಸ ಬೇಕಲ್ಲ?

2009ರ ಕೊನೆಗೆ ಮುಂಬಯಿಗೆ ವಾಪಸಾದೆ. ಬಿಟ್ಟುಹೋಗಿದ್ದ ಸಂಬಳಕ್ಕಿಂತ ಸ್ವಲ್ಪವೇ ಹೆಚ್ಚಿನ ಕೆಲಸ ಸಿಕ್ಕಿತು. ಸಾಲದ ಕಂತು ಮಾತ್ರ ತಿಂಗಳಿಗೆ 26 ಸಾವಿರದ ಮೇಲೆ, ಏಳು ವರ್ಷ. ಶಾಲೆಯಲ್ಲಿ ಕಲಿಸುತ್ತಿದ್ದ ನನ್ನ ಮಡದಿ ಸಂಜೆಯೂ ಟ್ಯೂಷನ್ ಹಿಡಿದಳು. ಕೊನೆಯ ಕಂತು ಕಟ್ಟಿದ ದಿನ ಆಕೆ ಹೇಳಿದ್ದು ಒಂದೇ ಮಾತು: "ನೀವು ಓದಿದ್ದು ಒಂದು ವರ್ಷ, ನಾವು ಓದಿದ್ದು ಏಳು ವರ್ಷ."

ಹಾಗಾದರೆ ಹೋದದ್ದು ತಪ್ಪೇ? ಹಾಗೆ ಹೇಳಲಾರೆ. ಯಂತ್ರವನ್ನಷ್ಟೇ ನೋಡುತ್ತಿದ್ದ ನಾನು ಕಂಪನಿಯ ಲೆಕ್ಕಪತ್ರ ಓದುವುದನ್ನು ಕಲಿತೆ. ಮುಂದೆ ಕಾರ್ಖಾನೆಯ ಹೊಣೆ ನನ್ನ ಕೈಗೆ ಬಂದಾಗ ಅದೇ ಕೈಹಿಡಿಯಿತು. ತಪ್ಪಿದ್ದು ಓದಲ್ಲ, ಸಾಲದ ಲೆಕ್ಕ. ಲಂಡನ್ನಿನಲ್ಲಿ ಸಿಗಬಹುದಾದ ಸಂಬಳವನ್ನು ನಂಬಿ ಸಾಲ ಮಾಡಿದ್ದೆ.

ಆದ್ದರಿಂದ ಆ ಮಿತ್ರರಿಗೆ ನನ್ನ ಸಲಹೆ ಇಷ್ಟೇ. ನಾಳೆಯೇ ಊರಿಗೆ ವಾಪಸಾದರೂ ಇಂದಿನ ಸಂಬಳದಲ್ಲಿ ತೀರಿಸಬಹುದಾದಷ್ಟು ಸಾಲ ಮಾತ್ರ ಮಾಡಿ. 30 ಲಕ್ಷವನ್ನು ಶೇಕಡಾ 11ರ ಬಡ್ಡಿಗೆ ಹತ್ತು ವರ್ಷಕ್ಕೆ ತಂದರೆ ತಿಂಗಳಿಗೆ ಸುಮಾರು 41,300 ರೂಪಾಯಿ ಕಂತು. ಒಟ್ಟು ಕಟ್ಟುವುದು 49 ಲಕ್ಷಕ್ಕೂ ಮೀರುತ್ತದೆ. ಇದರ ಮೇಲೆ ಓದುವಾಗ ಕೈತಪ್ಪುವ ಒಂದು ವರ್ಷದ ಸಂಬಳವನ್ನೂ ಸೇರಿಸಿ. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆಯಲ್ಲಿ ಎಂಟು ವರ್ಷ ರಿಯಾಯಿತಿ ಉಂಟು ನಿಜ, ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಪರದೇಶದ ನಿಯಮಗಳನ್ನೂ ನಂಬಿ ಕೂರಬೇಡಿ. ನಾನು ಹೇಳಿದ ಆ ಬ್ರಿಟಿಷ್ ವೀಸಾವನ್ನು 2012ರಲ್ಲಿ ಮುಚ್ಚಿದರು. 2021ರಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ತೆರೆದರು. 2027ರ ಜನವರಿ 1ರಿಂದ ಎಂಬಿಎ ಮುಗಿಸಿ ಅದಕ್ಕೆ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು 18 ತಿಂಗಳು. ಅಂದು ನಾನು ಮನಸ್ಸು ಮಾಡಿದ್ದರೆ ಹೆಂಡತಿ ಮಗಳನ್ನು ಕರೆದುಕೊಂಡು ಹೋಗಬಹುದಿತ್ತು. 2024ರ ಜನವರಿಯಿಂದ ಶುರುವಾದ ಕೋರ್ಸುಗಳಲ್ಲಿ ಎಂಬಿಎ ವಿದ್ಯಾರ್ಥಿಗಳಿಗೆ ಆ ಅವಕಾಶವೂ ಇಲ್ಲ.

ಇಲ್ಲಿಯೇ ದಾರಿಗಳಿವೆ ಎಂಬುದನ್ನೂ ಮರೆಯಬೇಡಿ. ಅನುಭವಸ್ಥರಿಗೆಂದೇ ಅಹಮದಾಬಾದಿನ ಐಐಎಂ 2006ರಲ್ಲಿ ಒಂದು ವರ್ಷದ ಕೋರ್ಸು ಆರಂಭಿಸಿತು. ನಮ್ಮ ಬೆಂಗಳೂರಿನ ಐಐಎಂನಲ್ಲೂ ಅಂಥದೊಂದು ಉಂಟು. ಅಲ್ಲಿಂದಾದರೆ ತಾಯಿಗೆ ಹುಷಾರಿಲ್ಲ ಎಂದು ಫೋನ್ ಬಂದ ರಾತ್ರಿಯೇ ರೈಲು ಹತ್ತಬಹುದು.

"ಎಂಬಿಎ ಏಕೆ, ಈಗಲೇ ಏಕೆ?" ಎಂದು ಕಾಲೇಜಿನವರು ಪ್ರಬಂಧ ಬರೆಸುತ್ತಾರೆ. ಅದನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಊಟದ ಹೊತ್ತಿಗೆ ಮನೆಯವರೆದುರು ಓದಿ ಹೇಳಿ. ಉತ್ತರದಲ್ಲಿ ನೀವು ಮಾಡಬೇಕೆಂದಿರುವ ಕೆಲಸಕ್ಕಿಂತ ಈಗಿನ ಮೇಲಧಿಕಾರಿಯ ಮೇಲಿನ ಸಿಟ್ಟೇ ಹೆಚ್ಚಾಗಿದ್ದರೆ ಅರ್ಜಿಯನ್ನು ಒಂದು ವರ್ಷ ಮುಂದೂಡಿ. ನಾನು ಹಾಗೆ ಓದಿ ಹೇಳಿರಲಿಲ್ಲ.

ಕಂತು ಕಟ್ಟುವವರು ಮನೆಯವರೂ ಹೌದು. ಅವರೂ ಹೂಂ ಎಂದರೆ ಧೈರ್ಯವಾಗಿ ಹೋಗಿ ಬನ್ನಿ.